ಏಡಿಗೆ ಬಿಟ್ಟುಕೊಟ್ಟ ಬೂಟು

ಅಣ್ಣಾ,
ಅಮ್ಮ ಎರಡೇ ದಿನಕ್ಕೆ ಪ್ರವಾಸ ಬಿಟ್ಟು ವಾಪಸ್ ಹೊರಡುತ್ತಾಳೆ ಎಂದಿದ್ದೆಯಲ್ಲ, ಕೇಳು. "ಚಕ್ರ ಇದ್ರೇನು, ಮನೆ ಅಂದ್ರೆ ಮನೇನೇ!" ಎಂದು ಅವಳು ಈ ಬಾಡಿಗೆ ಕ್ಯಾಂಪರ್ ವ್ಯಾನಿನ ಬಾಗಿಲಾಚೆಯೇ ಎಲ್ಲರ ಚಪ್ಪಲಿ ಬಿಡಿಸುತ್ತಿದ್ದಳು. ಮೊನ್ನೆ ಕಡಲ ಪಕ್ಕದ ಜವುಗಿನಂಚಿನಿಂದ ಮನೆ ಹೊರಟಿತು, ಚಪ್ಪಲಿಗಳು ಅಲ್ಲೇ ಉಳಿದವು! ಇವರು ಗೊಣಗುತ್ತಾ ವ್ಯಾನು ತಿರುಗಿಸಿದರು. ಹೋಗಿ ನೋಡಿದರೆ ಸಮುದ್ರ ಉಬ್ಬರವೇರಿ ಎಲ್ಲ ತೇಲಿಹೋಗಿತ್ತು. ಇವರ ಒಂದು ಬೂಟು ಮಾತ್ರ ಜೊಂಡಿಗೆ ಸಿಕ್ಕಿಕೊಂಡಿತ್ತು, ಒಳಗೆ ಏಡಿಯೊಂದು ಠಿಕಾಣಿ ಹೂಡಿತ್ತು. ಕೆಸರೆಂದರೆ ಮೂಗು ಮುರಿಯುತ್ತಿದ್ದ ಅಮ್ಮ ಸೀರೆ ಎತ್ತಿಕಟ್ಟಿ ಇಳಿದೇಬಿಟ್ಟಳು. "ಪಾಪ, ಮನೆ ಮಾಡ್ಕೊಂಡಿದೆ, ಎಬ್ಬಿಸ್ಬೇಡಿ" ಎಂದು ಬೂಟನ್ನು ಅದಕ್ಕೇ ಬಿಟ್ಟುಕೊಟ್ಟಳು. ಅವಳ ಮಂಡಿನೋವಿನ ಸುದ್ದಿಯೇ ಇಲ್ಲ, ಮಾತ್ರೆಗಳು ಹಾಗೇ ಇವೆ. ಆವತ್ತಿನಿಂದ ಎಲ್ಲರದೂ ಬರಿಗಾಲು. ಕೆಸರುಗಾಲಲ್ಲಿ ಮೊದಲು ಒಳಗೆ ನುಗ್ಗುವವಳು ಅಮ್ಮನೇ!
ಕಾರ್ಡಿನಲ್ಲಿ ಜಾಗ ಮುಗಿಯಿತು.
ತಂಗಿ