ಸೊಸೆಯರ ನೀರು

ಜುಲೈ 3
ಇವತ್ತೂ ರೆಕಾರ್ಡ್ ಆದ ಇನ್ನೂರು ದನಿ ಕೇಳಿದೆ. ಆಂಬುಲೆನ್ಸ್ ಫೋನಿಗೆ ಇನ್ನು ಯಂತ್ರವೇ ಉತ್ತರ ಕೊಡುತ್ತದಂತೆ. ಅದಕ್ಕೆ ನಮ್ಮ ಖೋಸಾ ಭಾಷೆ ಕಲಿಸುವುದು ನನ್ನ ಕೆಲಸ. ಸರಿ ಪದಕ್ಕೆ ಹಸಿರು ಬಟನ್, ತಪ್ಪಿಗೆ ಕೆಂಪು. ನೀರಿಗೆ 'ಅಮಾಂಜಿ' ಅನ್ನದೆ 'ಇಂವೋಥೊ' ಅನ್ನುವ ಹೆಂಗಸರು ಬೇಕಾದಷ್ಟು. ಪಟ್ಟಿಯಲ್ಲಿಲ್ಲ — ಕೆಂಪು. ಎರಡು ತಿಂಗಳಿಂದ ಒತ್ತುತ್ತಲೇ ಇದ್ದೇನೆ.

ಜುಲೈ 9, ಭಾನುವಾರ
ಎಲಿಯಟ್‌ಡೇಲ್, ತಂಗಿಯ ಗಂಡನ ಊರು. ತಂಗಿ ನೊಂಬುಲೆಲೊಗೆ ಏಳು ತಿಂಗಳು. ಗಂಡ ಗಣಿಯಲ್ಲಿ. ಅತ್ತೆ ಒಳ್ಳೆಯವರು, ಮೆಕ್ಕೆಜೋಳ-ಕಾಳು ಬೇಯಿಸಿ ಬಡಿಸಿದರು. "ಅಕ್ಕಾ, ಕುಡಿಯೋಕೆ ಇಂವೋಥೊ ತರ್ಲಾ?" ಅಂದಳು ತಂಗಿ. ತಟ್ಟೆ ಕೆಳಗಿಟ್ಟೆ. ಅವಳ ಮಾವನ ಹೆಸರು ಮ್ಜಿಂಗಿಸಿ. ಸತ್ತು ನಾಲ್ಕು ವರ್ಷ. ಆದರೂ ಆ ಹೆಸರಿನ 'ಜಿ' ಸೊಸೆಯ ಬಾಯಲ್ಲಿ ಬರಕೂಡದು, ಅದಿರುವ ಮಾತಿಗೆಲ್ಲ ಬೇರೆ ಪದ. ನೀರಿನಲ್ಲೂ ಜಿ, ರಕ್ತಕ್ಕೆ 'ಇಗಾಜಿ' — ಅದರಲ್ಲೂ ಜಿ. ನಾನು ಕೆಂಪು ಒತ್ತಿದ್ದು ಇವಳ ಬಾಯಿಗೆ.

ಜುಲೈ 11
ಸೂಪರ್‌ವೈಸರ್ ಲುವುಯೊಗೆ ಹೇಳಿದೆ. ಎಂಟು ಜನರಲ್ಲಿ ನಾವು ಹೆಂಗಸರು ಇಬ್ಬರೇ.
"ಅಕ್ಕಾ, ಅದು ಅಡುಗೆಮನೆ ಮಾತು. ಯಂತ್ರಕ್ಕೆ ಶುದ್ಧ ಭಾಷೆ ಸಾಕು."
"ಹೆರಿಗೆ ನೋವು ಶುದ್ಧ ಭಾಷೇಲಿ ಬರುತ್ತಾ?"
ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ನಾಚಿಕೆಯಾಗುತ್ತಿದೆ.

ಜುಲೈ 26
ತಂಗಿಗೆ ಫೋನ್. ಏನಾದರೂ ಆದರೆ 'ಅಮಾಂಜಿ' ಅಂತಲೇ ಹೇಳು ಅಂದೆ.
"ಅತ್ತೆ ಪಕ್ಕದಲ್ಲೇ ಇರ್ತಾರಕ್ಕ. ಆ ಮಾತಾಡಿ ಈ ಮನೇಲಿ ಹೆಂಗಿರ್ಲಿ?"
ಬೈದೆ. ಫೋನ್ ಇಟ್ಟಳು.

ಆಗಸ್ಟ್ 1
ಯಂತ್ರ ಶುರು. ಆಫೀಸಿನಲ್ಲಿ ಕೇಕು. ತಿನ್ನಲಾಗಲಿಲ್ಲ.

ಆಗಸ್ಟ್ 22, ಬೆಳಿಗ್ಗೆ 9:40
ಯಂತ್ರಕ್ಕೆ ಅರ್ಥವಾಗದ ಕರೆಗಳ ರೆಕಾರ್ಡಿಂಗನ್ನು ತಿದ್ದಲು ಮಾರನೇ ದಿನ ನಮಗೇ ಕಳಿಸುತ್ತಾರೆ. ಇವತ್ತಿನ ಮೊದಲನೆಯದು... ನಿನ್ನೆ ಸಂಜೆ ನಾಲ್ಕರದ್ದು. ನೊಂಬುಲೆಲೊ. ಅವಳ ದನಿ ನನಗೆ ಗೊತ್ತಾಗದೆ ಇರುತ್ತದೆಯೇ?
ಇಂವೋಥೊ ಹೋಗ್ತಿದೆ ಅಂತಾಳೆ. ರಕ್ತಕ್ಕೂ ಸೊಸೆಯರ ಪದವೇ. ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ — ಯಂತ್ರ. ಆರು ಸಲ ಹೇಳಿದಳು. ಆರು ಸಲವೂ ಅದೇ ಉತ್ತರ, ಅದೇ ನಯ.
ಹಿಂದಿನಿಂದ ಅತ್ತೆಯ ದನಿ: "ಹೇಳು ಮಗಳೇ. ಬೇಕಾದ್ರೆ ನಿನ್ನ ಮಾವನ ಹೆಸರೇ ಹೇಳು. ನಾನು ಕಿವಿ ಮುಚ್ಕೊಂಡಿದೀನಿ."
"ಅಮಾ—"
ಉಸಿರು. ಬರೀ ಉಸಿರು. ಮೂರು ನಿಮಿಷವಾಯಿತೆಂದು ಕರೆ ತಾನೇ ಕಡಿದುಕೊಂಡಿತು.

9:50
ಅವಳ ಫೋನ್ ಸ್ವಿಚ್ ಆಫ್. ಅತ್ತೆಗೆ ಫೋನಿಲ್ಲ. ಟ್ಯಾಕ್ಸಿ ಹಿಡಿದರೂ ಮೂರು ಗಂಟೆ. ಈ ಬೆರಳುಗಳೇ ಒತ್ತಿದ್ದು — ಇವೇ ಬರೆಯುತ್ತಿವೆ. ಏನಾದರೂ ಬರೆಯುತ್ತಿರಬೇಕು, ಇಲ್ಲದಿದ್ದರೆ ಕಿರುಚಿಬಿಡುತ್ತೇನೆ.

10:05
ಗೊತ್ತಿಲ್ಲದ ನಂಬರ್. ಪಕ್ಕದ ಮನೆಯ ಫೋನಿನಿಂದ ಅತ್ತೆ. ಮಗು ಇದೆ, ಹೆಣ್ಣು ಅಂದರು. ನೊಂಬುಲೆಲೊ ಎಲ್ಲಿ ಅಂದೆ. ಮತ್ತೆ ಕೇಳಿದೆ. ಮಗು ಇದೆ ಅಂತಲೇ ಅಂದರು. ಅವಳ ಹೆಸರು ಹೇಳಿ ಅಮ್ಮಾ ಅಂದೆ, ಒಂದು ಸಲ ಹೇಳಿ... ಅವರು ಆ ಹೆಸರನ್ನು ಬಾಯಿಗೇ ತಾರದೆ, ಸತ್ತವರ ಹೆಸರನ್ನು ಬಿಡುವಂತೆ ಬಿಟ್ಟು, ಮಗು ಇದೆ ಅಂದರು.