ಬೀರುವಿನೊಳಗಿನ ಒಂಬತ್ತು ಮನೆಗಳು

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

‘ಒಳ್ಳೆಯವನ ಕೈ ಸೋಕಿದ್ದು ಒಡೆಯುವುದಿಲ್ಲ’ ಎಂಬಂಥ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಮುಂದಿನ ಸಾಲು ಮರೆತಿದ್ದೇನೆ, ಬರೆದವರು ಯಾರೆಂಬುದೂ ನೆನಪಿಲ್ಲ. ಅವರು ಒಳ್ಳೆಯವರೊಬ್ಬರ ಜೊತೆ ಸಂಸಾರ ಮಾಡಿದ್ದರೋ ಇಲ್ಲವೋ ಎಂಬ ಅನುಮಾನ ಮಾತ್ರ ಇದೆ. ಇರಲಿ. ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಎಂದಿದ್ದೆ. ಸಂದಿಗೆ ಹಳೇ ಬಟ್ಟೆ ತುರುಕು, ವಾರ್ಡನ್ ರಿಪೇರಿ ಮಾಡಿಸಲಿ ಎಂದು ಕಾಯುತ್ತಾ ಕೂರಬೇಡ.

ನೀನು ಶಾಲೆಯ ದಿನಗಳಲ್ಲಿ ಬೀರುವಿನ ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಿಂದ ಗೀಚಿದ ಒಂಬತ್ತು ಮನೆಗಳು ಹಾಗೇ ಇವೆ. ಅಡ್ಡಕ್ಕೆ ನಿಯಮ ಪಾಲಿಸುವವರು, ನಡುವಿನವರು, ನಿಯಮ ಮುರಿಯುವವರು. ಉದ್ದಕ್ಕೆ ಒಳ್ಳೆಯವರು, ನಡುವಿನವರು, ಕೆಟ್ಟವರು. ನಾನು ಹೇಳುತ್ತಿದ್ದ ಕಥೆಗಳಲ್ಲಿ ಬರುವವರನ್ನೆಲ್ಲ ನೀನು ಅದರೊಳಗೆ ಕೂರಿಸುತ್ತಿದ್ದೆ. ಉಳ್ಳವರ ಕಣಜ ಒಡೆದು ಹಂಚುವ ಕಳ್ಳ, ನಿಯಮ ಮುರಿಯುವ ಒಳ್ಳೆಯವನಾದ. ಕೊಟ್ಟ ಮಾತಿಗೆ ತಪ್ಪದೆ ಹೇಳಿದ ದಿನವೇ ಬಂದು ತಿನ್ನುವ ರಾಕ್ಷಸ, ನಿಯಮ ಪಾಲಿಸುವ ಕೆಟ್ಟವನಾದ. ಕಥೆಯವರು ಮುಗಿದ ಮೇಲೆ ನೆಂಟರ ಸರದಿ. ನಿನ್ನ ಸೋದರತ್ತೆಯನ್ನು ಎಲ್ಲಿ ಕೂರಿಸಿದೆ ಎಂದು ನೆನೆದರೆ ಈಗಲೂ ನಗು ಬರುತ್ತದೆ. ಪುಣ್ಯಕ್ಕೆ ಅವರು ಯಾವತ್ತೂ ಬೀರು ತೆರೆಯಲಿಲ್ಲ. ಅಪ್ಪನಿಗೆ ಮೊದಲ ಮನೆ, ನಿಯಮ ಪಾಲಿಸುವ ಒಳ್ಳೆಯವರದು, ನೀನು ಯೋಚಿಸಲೂ ಇಲ್ಲ. ನನ್ನನ್ನು ನಟ್ಟನಡುವೆ ಇಟ್ಟು, ‘ಅಮ್ಮಾ, ನೀನು ಎಲ್ಲೂ ಸೇರಲ್ಲ’ ಅಂದಿದ್ದೆ.

ಮೇಲಿನ ಮಹಡಿಯ ಟೈಲರಮ್ಮನಿಂದ ಅಪ್ಪ ಮನೆ ಖಾಲಿ ಮಾಡಿಸಿದ ದಿನ ನೀನು ಅಪ್ಪನ ಹೆಸರನ್ನು ಮೊದಲ ಮನೆಯಿಂದ ಅಳಿಸಿ, ರಾಕ್ಷಸನ ಪಕ್ಕ ಬರೆದು, ಚೀಲ ಎತ್ತಿಕೊಂಡು ಹಾಸ್ಟೆಲಿಗೆ ಹೊರಟೆ. ಅಪ್ಪ ಕಟ್ಟಡದ ಸಂಘಕ್ಕೆ ಸೆಕ್ರೆಟರಿ. ವಾಸದ ಮನೆಯಲ್ಲಿ ಕಸುಬು ಕೂಡದೆಂಬುದು ಸಂಘದ ನಿಯಮ. ಮೆಷಿನ್ ಸದ್ದಿನ ಬಗ್ಗೆ ಒಂದು ದೂರು ಬಂತು, ಮೂರು ನೋಟಿಸ್ ಹೋದವು. ಆಮೇಲೆ ಅವರೇ ಹೋಗಿ, ಅಂಚು ತರಚದಂತೆ ತಮ್ಮ ಟವೆಲ್ ಸುತ್ತಿ, ಮೆಷಿನ್ ಹೊತ್ತು ಮೆಟ್ಟಿಲಿಳಿಸಿ ಕೊಟ್ಟರು. ಒಂದು ಗೀರೂ ಬೀಳಲಿಲ್ಲ. ‘ಹುಷಾರಮ್ಮ, ಮೆಟ್ಟಿಲು ನೋಡ್ಕೊಂಡು ಇಳೀರಿ’ ಅಂತ ಬೇರೆ ಅಂದರು. ಅಬ್ಬರಿಸುವವನನ್ನಾದರೆ ಬೈಯಬಹುದು. ಇಂಥ ಮರ್ಯಾದೆಯನ್ನು ಏನು ಮಾಡುವುದು?

ಈಗ ಸಂಜೆ ವಾಕಿಂಗ್ ಮುಗಿಸಿ ಬಂದವರೇ ನಿನ್ನ ಬೀರು ತೆರೆದು ನಿಲ್ಲುತ್ತಾರೆ. ‘ನಾನು ಯಾವ ನಿಯಮ ಮುರಿದೆ ಅಂತ ಅವಳನ್ನ ಕೇಳಿ ಬರಿ’ ಅನ್ನುತ್ತಾರೆ. ಒಂದನ್ನೂ ಮುರಿದಿಲ್ಲ, ಅದಕ್ಕೇ ಅಲ್ಲಿದ್ದೀರಿ ಅಂದೆ. ಅರ್ಥವಾಗಲಿಲ್ಲ. ಕೈಯಲ್ಲಿ ರಬ್ಬರ್ ಇದ್ದರೂ ತಾವಾಗಿ ಅಳಿಸುವುದಿಲ್ಲ, ಬರೆದವರೇ ತಿದ್ದಬೇಕಂತೆ.

ಊಟ ತಪ್ಪಿಸಬೇಡ. ಚೆನ್ನಾಗಿ ಬಾಳು, ಯಾರು ಗೀಚಿದ ಮನೆಯೊಳಗೂ ಸಿಕ್ಕಿಕೊಳ್ಳದೆ ಬಾಳು.

ನಿನ್ನ
ಅಮ್ಮ

ಹೇಳಲು ಮರೆತೆ: ಟೈಲರಮ್ಮನನ್ನು ವಾಪಸ್ ಕರೆತಂದಿದ್ದೇನೆ. ಮೆಷಿನ್ ನಿನ್ನ ಕೋಣೆಯಲ್ಲಿದೆ. ಅಪ್ಪ ನನಗೇ ನೋಟಿಸ್ ಕೊಟ್ಟಿದ್ದಾರೆ, ‘ಶ್ರೀಮತಿ’ ಸೇರಿಸಿ, ತಿಂಡಿ ತಟ್ಟೆಯ ಪಕ್ಕ ಇಟ್ಟು. ಪ್ರತಿಯನ್ನು ಕೆಳಗಿನ ಬೋರ್ಡಿಗೂ ಅಂಟಿಸಿದ್ದಾರೆ. ನಿನ್ನೆ ಎರಡನೆಯದು ಬಂತು. ಮೂರನೆಯದು ಬಂದರೆ, ಅವರು ಟವೆಲ್ ಹುಡುಕುವ ಮೊದಲೇ ನಾನೂ ಅವಳೂ ಹೊರಡುತ್ತೇವೆ. ನಿನ್ನ ಹಾಸ್ಟೆಲಿನ ಹತ್ತಿರ ಇಬ್ಬರು ಹೆಂಗಸರು, ಒಂದು ಮೆಷಿನ್ ಹಿಡಿಸುವಂಥ ಕೋಣೆ ನೋಡಿಡು. ಇದನ್ನು ಬರೆಯುತ್ತಿರುವಾಗಲೇ ಬೆಲ್ ಆಯಿತು. ಬಾಗಿಲಲ್ಲಿ ಎದುರು ಮನೆಯಾಕೆ, ಕೈಯಲ್ಲಿ ಹರಿದ ಪರದೆ. ಒಳಗೊಮ್ಮೆ ಇಣುಕಿ, ದನಿ ತಗ್ಗಿಸಿ ಅಂದಳು: ‘ಮೂರನೇ ನೋಟಿಸ್ ಬರೋದ್ರೊಳಗೆ ಇದೊಂದು ಹೊಲಿಸಿಕೊಡ್ರೀ. ಆವತ್ತು ದೂರು ಕೊಟ್ಟಿದ್ದು ನಾನೇ ಅಂತ ಅವಳಿಗೆ ಮಾತ್ರ ಹೇಳ್ಬೇಡಿ.’