ಅಲ್ಲಾಡದ ಬೆರಳು

ಅಕ್ಕಾ,
ಈ ಊರಿನ ಆಸ್ಪತ್ರೆಯಲ್ಲಿ ನನ್ನ ಪಿತ್ತಕೋಶ ತೆಗೆದರು, ಗಾಬರಿಯಾಗಬೇಡ. ಅದು ಲಿವರಿಗೆ ಅಂಟಿಕೊಂಡಿತ್ತಂತೆ. ಬಿಡಿಸುವಾಗ ಕತ್ತರಿ ಪಕ್ಕದ ರಕ್ತನಾಳಕ್ಕೆ ತಾಗಿತಂತೆ. ಆಪರೇಷನ್ ಮಾಡಿದ ಡಾಕ್ಟರೇ ಬಂದು ಒಪ್ಪಿಕೊಂಡರು.

“ರಕ್ತ ಚಿಮ್ಮಿದಾಗ ಏನ್ ಮಾಡಿದ್ರಿ ಸಾರ್?” ಅಂದೆ.

“ಏನೂ ಮಾಡ್ಲಿಲ್ಲಪ್ಪಾ. ಬೆರಳಲ್ಲಿ ಒತ್ತಿ ಹಿಡ್ಕೊಂಡು ಹತ್ತು ನಿಮಿಷ ಅಲ್ಲಾಡ್ದೆ ನಿಂತೆ. ಗಾಬರೀಲಿ ಕಣ್ಣಿಗೆ ಕಾಣ್ದೆ ನಾಳ ಬಿಗಿಯೋ ಕ್ಲಿಪ್ಪು ಹಾಕಿದ್ರೆ, ರಕ್ತ ಸಿಗದೆ ನಿನ್ನ ಲಿವರೇ ಹೋಗ್ತಿತ್ತು. ಆಮೇಲೆ ದೊಡ್ಡ ಡಾಕ್ಟ್ರು ಬಂದು ತೂತು ಹೊಲಿದ್ರು.”

ಕಾಲು ಸುಟ್ಟ ಬೆಕ್ಕಿನಂಥ ನಿನ್ನ ತಮ್ಮನನ್ನು ಉಳಿಸಿದ್ದು ಸುಮ್ಮನೆ ನಿಂತ ಬೆರಳು, ನೋಡು. ಅಮ್ಮನಿಗೆ ಓದಿ ಹೇಳುವಾಗ ರಕ್ತದ ವಿಷಯ ನುಂಗಿಬಿಡು. ಊಟ ಸೇರುತ್ತಿದೆ. ಒಂದು ತಿಂಗಳು ಓಡಬಾರದು, ಭಾರ ಎತ್ತಬಾರದು ಅಂದಿದ್ದಾರೆ. ಅವರಿಗೆ ಹತ್ತೇ ನಿಮಿಷ, ನನಗೆ ಒಂದು ತಿಂಗಳು. ಯಾರ ಕೆಲಸ ಕಷ್ಟ, ನೀನೇ ಹೇಳು.

ಕಾರ್ಡು ತುಂಬಿತು.
ನಿನ್ನ ತಮ್ಮ